ಆರನೇ ಹಾಸಿಗೆ

ಇದು ನಮ್ಮ ದೊಡ್ಡಮ್ಮನ ಮಗ ಮಹದೇವನಿಗೆ ಆದದ್ದು. ಹೋದ ವರ್ಷ, ದಸರಾ ರಜೆಗೆ ಸ್ವಲ್ಪ ಮುಂಚೆ. ಬಾಗಿಲು ಹಾಕಿಬಿಡಿ, ಹೇಳ್ತೀನಿ.

ರಾತ್ರಿ ಒಂಬತ್ತಾಗಿತ್ತು. ಮಹದೇವ್ ಚಂದ್ರಾ ಲೇಔಟಿನ ಅಂಗಡಿ ಕೆಲಸ ಮುಗಿಸಿ, ಬಸ್ಸಿಳಿದು, ಹೇರೋಹಳ್ಳಿಯ ಒಳದಾರಿಯಲ್ಲಿ ಮನೆಗೆ ಬರುತ್ತಿದ್ದ. ಅರ್ಧ ದಾರಿಗೆ ಒಂದು ಆಲದ ಮರ. ಅದರ ಕೆಳಗೆ ಹಳೇ ಬಾವಿ. ಬಾವಿ ಅಂದರೆ ಈಗ ಬರೀ ಗುರುತು... ಸೈಟು ಮಾಡಿದಾಗಲೇ ಮೇಲೆ ಕಲ್ಲುಚಪ್ಪಡಿ ಎಳೆದು, ಸಂದಿಗೆಲ್ಲ ಸಿಮೆಂಟು ಮೆತ್ತಿದ್ದರು. ರಾಟೆ ಇಲ್ಲ. ಹಗ್ಗ ಇಲ್ಲ.

ಮಹದೇವನ ತಲೆಯಲ್ಲಿ ಒಂದೇ ಯೋಚನೆ. ತಾಯಿ ಅಂಜಮ್ಮನಿಗೆ ಅರವತ್ತೆರಡು. ಇನ್ನೂ ಸಮುದ್ರ ನೋಡಿರಲಿಲ್ಲ. ದೀಪಾವಳಿ ಕಳೆದ ಮೇಲೆ ಎರಡೂ ಮಂಡಿಗೆ ಆಪರೇಷನ್. ಅಷ್ಟರೊಳಗೆ ಒಂದು ಸಲ ಕಡಲ ಮುಂದೆ ನಿಲ್ಲಿಸಬೇಕು. ಅದಕ್ಕೆ ಕುಂದಾಪುರದ ಕಡೆ ಎರಡು ಮನೆ ಹುಡುಕಿಟ್ಟಿದ್ದ. ಒಂದು ಹೆಂಚಿನ ಮನೆ, ಜಗಲಿ ಇಳಿದರೆ ಮರಳು. ಇನ್ನೊಂದು ಹೊಸ ಕಟ್ಟಡ, ಸಮುದ್ರ ಸ್ವಲ್ಪ ದೂರ. ಮನಸ್ಸು ಹೆಂಚಿನ ಮನೆಯ ಮೇಲೇ ಇತ್ತು.

ಮನೆಗೆ ಹೋದರೆ ಮಗಳು ಅನು ಫೋನ್ ಕಿತ್ತುಕೊಳ್ಳುತ್ತಾಳೆ. ಆಲದ ಹತ್ತಿರವೇ ನಿಂತು ಹೆಂಚಿನ ಮನೆಯ ಯಜಮಾನನಿಗೆ ಫೋನ್ ಮಾಡಿದ.

"ಮೆಟ್ಟಿಲು ಇದ್ಯಾ ಸಾರ್? ನಮ್ಮಮ್ಮಂಗೆ ಮಂಡಿನೋವು."

"ಒಂದೇ ಒಂದು ಉಂಟು ಮಾರಾಯ್ರೆ. ಯಾರೆಲ್ಲ ಬರ್ತೀರಿ?"

"ನಮ್ಮನೆಯವರೆಲ್ಲಾ ಬರ್ತೀವಿ ಸಾರ್."

ಆಗ ಕೇಳಿಸಿತು. ಕಿರ್... ಕಿರ್... ಕಿರ್... ಎಣ್ಣೆ ಕಾಣದ ರಾಟೆ ಸುತ್ತುವ ಸದ್ದು. ಆಮೇಲೆ, ತುಂಬ ಕೆಳಗೆ, ಕೊಡ ನೀರಿಗೆ ಬಿದ್ದ ಸದ್ದು... ಗುಳುಂ.

ಸದ್ದು ಫೋನಿನ ಆ ಕಡೆಯದು, ಬಾವಿ ಇರೋ ಮನೆ, ಒಳ್ಳೇದೇ, ಅಂದುಕೊಂಡ.

"ಆಯ್ತು. ಆರು ಹಾಸಿಗೆ ಹಾಕಿಸ್ತೇನೆ."

"ಐದು ಸಾರ್. ಅಪ್ಪ, ಅಮ್ಮ, ನಾನು, ಹೆಂಡ್ತಿ, ಮಗಳು."

"ಈಗ ಆರು ಅಂತ ಹೇಳಿದ್ರಲ್ಲ... ನಿಮ್ಮ ಪಕ್ಕದಲ್ಲಿರೋ ಹುಡುಗಿ."

ಮಹದೇವ್ ಪಕ್ಕಕ್ಕೆ ನೋಡಿದ. ಚಪ್ಪಡಿ. ಆಲದ ಬಿಳಲು. ಅಷ್ಟೇ.

ಮನೆಗೆ ಬಂದು ಹೆಂಡತಿ ರಂಜಿನಿಗೆ ಹೇಳಿದ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕಳು. "ಯಾವ ಹುಡುಗಿ ಇದ್ಲು ಪಕ್ಕದಲ್ಲಿ? ನಿಜ ಹೇಳ್ರೀ." ಆಮೇಲೆ ನಗು ನಿಲ್ಲಿಸಿದಳು. "ಆ ಮನೆಯೋನು ಮೋಸಗಾರ ಕಣ್ರೀ. ಜನ ಜಾಸ್ತಿ ತೋರಿಸಿ ದುಡ್ಡು ಕೀಳೋ ಪ್ಲಾನು."

ಇರಬಹುದು. ಮಹದೇವನಿಗೂ ಅನುಮಾನ. ಸುಮ್ಮನೆ ನಂಬುವ ಜಾತಿಯವನಲ್ಲ ಅವನು. ಮರುದಿನ ಮಧ್ಯಾಹ್ನ ಅಂಗಡಿಯಿಂದ ಫೋನ್ ಮಾಡಿದ. ರಾಟೆ ಸದ್ದಿಲ್ಲ.

"ನಿಮ್ಮಲ್ಲಿ ಬಾವಿ ಇದ್ಯಾ ಸಾರ್?"

"ಬಾವಿ ಎಲ್ಲಿ ಮಾರಾಯ್ರೆ, ಬೋರ್‌ವೆಲ್ಲು."

ಅದೇ ರಾತ್ರಿ ಒಂಬತ್ತಕ್ಕೆ ಮನೆಯ ತಾರಸಿಯಿಂದ ಮಾಡಿದ. ಸದ್ದಿಲ್ಲ.

ಮೂರನೇ ದಿನ ಒಂಬತ್ತಕ್ಕೆ ಆಲದ ಹತ್ತಿರ ನಿಂತು ಮಾಡಿದ. ಕಿರ್... ಕಿರ್...

ಫೋನನ್ನು ಕಿವಿಯಿಂದ ತೆಗೆದ. ಸದ್ದು ನಿಲ್ಲಲಿಲ್ಲ. ಚಪ್ಪಡಿಯ ಕೆಳಗಿನಿಂದ ಬರುತ್ತಿತ್ತು.

ಕೈಯಲ್ಲಿದ್ದ ಫೋನಿನಿಂದ ಸಣ್ಣದಾಗಿ ಯಜಮಾನನ ಮಾತು. "ಕಡಲು ಎಷ್ಟು ದೂರ ಅಂತ ನಿಮ್ಮ ಹುಡುಗಿ ಕೇಳ್ತಿದ್ದಾರೆ ನೋಡಿ... ಹತ್ತು ಹೆಜ್ಜೆ ಅಂತ ಹೇಳಿ ಸಾರ್."

ಮಹದೇವ್ ಓಡಲಿಲ್ಲ. ಓಡಿದರೆ ಹಿಂದೆ ಯಾರೋ ಇದ್ದಾರೆ ಅಂತ ಒಪ್ಪಿಕೊಂಡ ಹಾಗೆ. ನಡೆದೇ ಬಂದ.

ತಂದೆ ಬೆಟ್ಟಯ್ಯ ಟಿವಿ ನೋಡುತ್ತಿದ್ದರು. ಮಗ ಹೇಳಿದ್ದು ಕೇಳುತ್ತಾ ಕೇಳುತ್ತಾ ಟಿವಿ ಆರಿಸಿದರು. ದನಿ ತಗ್ಗಿಸಿದರು.

"ಮೊದಲ ದಿನ ಅಲ್ಲಿ ನಿಂತು ಏನಂದೆ? ಅದೇ ಮಾತು ಹೇಳು."

"ನಮ್ಮನೆಯವರೆಲ್ಲಾ ಬರ್ತೀವಿ ಅಂದೆ."

"ಆ ಬಾವಿ ಹತ್ರ ಎಲ್ಲಾ ಅನ್ನಬಾರ್ದು ಕಣೋ. ಹೆಸರು ಹಿಡಿದು ಹೇಳ್ಬೇಕು. ಮದುವೆಗೆ ಕರೆಯೋವಾಗ್ಲೂ ನಾವು ಅಲ್ಲಿ ನಿಂತು ಯಾರನ್ನೂ ಕರೆಯಲ್ಲ."

"ಯಾಕಪ್ಪ?"

"ನನ್ನ ತಂಗಿ ಅಣ್ಣಮ್ಮ... ಹದಿನಾರು ವರ್ಷ ಅವಳಿಗೆ. ನೀರು ಸೇದೋಕೆ ಹೋಗಿದ್ಲು. ರಾಟೆ ಸದ್ದು ಮನೇವರೆಗೂ ಕೇಳ್ತಿತ್ತು. ಆಮೇಲೆ ಕೇಳ್ಲಿಲ್ಲ."

ರಂಜಿನಿ ಮಲಗಿದ್ದ ಅನುವನ್ನು ಎತ್ತಿಕೊಂಡು ಬಂದು ಮಡಿಲಲ್ಲಿ ಹಾಕಿಕೊಂಡಳು. "ಹೋಗೋದೇ ಬೇಡ," ಅಂದಳು. ಒಳಗಿನ ಕೋಣೆಯಲ್ಲಿ ಅಂಜಮ್ಮ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಅದು ಮಹದೇವನ ಕಣ್ಣಿಗೆ ಬಿತ್ತು.

"ಹೋಗೋಣ. ಆದರೆ ಆ ಮನೆ ಬೇಡ."

ಹೆಂಚಿನ ಮನೆಯವನಿಗೆ ಬರುವುದಿಲ್ಲ ಅಂತ ಮೆಸೇಜು ಹಾಕಿದ. ಹೊಸ ಕಟ್ಟಡದ ಮನೆಗೆ ಅಂಗಡಿಯಲ್ಲಿ ಕೂತು ಐದು ಹೆಸರು ಬರೆದು ಕಳಿಸಿದ. ಬಾಯಿಬಿಟ್ಟು ಒಂದು ಮಾತೂ ಆಡಲಿಲ್ಲ. ಹೊರಡುವವರೆಗೂ ಸುತ್ತುದಾರಿಯಲ್ಲೇ ಓಡಾಡಿದ.

ಹೋದರು. ಅಲ್ಲಿ ಹಾಸಿಗೆ ಐದೇ ಇದ್ದವು. ಮಹದೇವ್ ಎರಡು ಸಲ ಎಣಿಸಿದ. ಅಂಜಮ್ಮ ಮೊಮ್ಮಗಳ ಹೆಗಲು ಹಿಡಿದು ಅಲೆಗೆ ಕಾಲು ಕೊಟ್ಟು ನಿಂತರು. "ಇಷ್ಟೊಂದು ನೀರು! ಸೇದೋರೇ ಇಲ್ವಲ್ಲೇ!" ಅಂದರು. ಎಲ್ಲರೂ ನಕ್ಕರು. ಬೆಟ್ಟಯ್ಯ ನಗಲಿಲ್ಲ.

ಮೂರನೇ ದಿನ ಸಂಜೆ, ಬಸ್ಸು ಹತ್ತುವ ಹೊತ್ತಿಗೆ, ಫೋನ್ ಬಂತು. ಹೆಂಚಿನ ಮನೆಯವನು.

"ನೀವು ಬರೋದಿಲ್ಲ ಅಂದ್ರಿ, ಅಡ್ಡಿಲ್ಲ ಸಾರ್. ಆದರೆ ನಿಮ್ಮ ಹುಡುಗಿ ಮೂರು ದಿನ ಜಗಲಿ ಮೇಲೇ ಕೂತಿದ್ರು. ಊಟಕ್ಕೆ ಕರೆದರೂ ಏಳ್ಲಿಲ್ಲ. ಕಡಲನ್ನೇ ನೋಡ್ತಿದ್ರು. ಈಗ ಮನೆಗೆ ಹೋಗ್ತೇನೆ ಅಂತ ಎದ್ದು ಹೋದ್ರು... ಸಿಕ್ಕಿದ್ರಾ?"

ಮಹದೇವ್ ಫೋನ್ ಇಟ್ಟ. ಯಾರಿಗೂ ಹೇಳಲಿಲ್ಲ.

ಬೆಳಗಿನ ಜಾವ ಬೆಂಗಳೂರು. ಪರಿಚಯದ ಉಗ್ರಪ್ಪನ ಆಟೋ. ಸುತ್ತುದಾರಿಯನ್ನು ಪೈಪು ಹಾಕೋಕೆ ಅಗೆದಿದ್ದರು, ಆಲದ ದಾರಿಯಲ್ಲೇ ಬರಬೇಕಾಯಿತು. ಆಟೋ ದೀಪ ಚಪ್ಪಡಿಯ ಮೇಲೆ ಬಿತ್ತು. ಮಹದೇವ್ ನಿಲ್ಲಿಸು ಅಂದ.

ಚಪ್ಪಡಿಯ ಮೇಲೆ ಎರಡು ಬೊಗಸೆಯಷ್ಟು ಮರಳು. ಒದ್ದೆ. ಮನೆ ಕಟ್ಟೋರು ಚೆಲ್ಲಿರಬಹುದು ಅನ್ನಬೇಡಿ. ಹೇರೋಹಳ್ಳಿಯಲ್ಲಿ ಈಗ ಕಟ್ಟುವ ಮನೆಗೆಲ್ಲ ಎಂ-ಸ್ಯಾಂಡೇ, ಕಲ್ಲು ಅರೆದು ಮಾಡಿದ್ದು, ಬೂದಿ ಬಣ್ಣ. ಇದು ಹಳದಿ, ನಡುವೆ ಕಪ್ಪೆಚಿಪ್ಪಿನ ಚೂರು. ಸುತ್ತಲ ಸಿಮೆಂಟು ಒಂದು ಕಡೆಯೂ ಬಿರುಕು ಬಿಟ್ಟಿರಲಿಲ್ಲ.

ಮಹದೇವ್ ಒಂದು ಚಿಟಿಕೆ ನಾಲಿಗೆಗೆ ಇಟ್ಟುಕೊಂಡ. ನಂಬಿಕೆ ಬರದಿದ್ದರೆ ಉಗ್ರಪ್ಪನನ್ನೇ ಕೇಳಿ, ಈಗಲೂ ಅದೇ ಸ್ಟ್ಯಾಂಡಿನಲ್ಲಿ ಆಟೋ ಹಾಕ್ತಾನೆ. ಅವನೂ ಇಳಿದು ಬಂದು ಒಂದು ಚಿಟಿಕೆ ನೆಕ್ಕಿ ನೋಡಿದ.

ಉಪ್ಪು.