ಜಗ್ಗೋ ಇಂಜಿನ್

ಮರಾಠಿ ಸೀಮೆಯ ಸೀತಾಬರ್ಡಿಯ ಬಸ್ ಸಾಲಿನಲ್ಲಿ ನಿಂತಿದ್ದ ನೀಲಾಂಬಿಕಾಳಿಗೆ ಬೆನ್ನ ಹಿಂದೆ ಕನ್ನಡ ಕೇಳಿಸಿತು. ಅಪ್ಪ, ಮಗಳು, ಮಗಳ ಕೈಯಲ್ಲಿ ಲಾರಿ ಇಂಜಿನ್ನಿಗೆ ಗಾಳಿ ತುಂಬುವ ಹೊಸ ಟರ್ಬೋದ ಡಬ್ಬಿ.

“ಇಷ್ಟು ಸಣ್ಣದ್ಯಾಕವ್ವಾ? ದೊಡ್ಡ ಟರ್ಬೋ ಹಾಕ್ಸಿದ್ರ ನಿನ್ನ ಲಾರಿ ಹೈವೇದಾಗ ಹಾರ್ತಿತ್ತು.”

“ಹಾರೋದು ಬ್ಯಾಡಪ್ಪಾ, ನಿಂತಲ್ಲಿಂದ ಜಗ್ಗಬೇಕು. ಸಣ್ಣದು ಜಲ್ದಿ ತಿರಗತೈತಿ, ಇಂಜಿನ್ ನಿಧಾನ ಇದ್ದಾಗೂ ತಾಕತ್ತು ಕೊಡತೈತಿ.”

“ಸಿಕ್ಕೊಂಡ ಲಾರಿ ಜಗ್ಗೋದು ಹೆಣ್ಣುಮಕ್ಕಳ ಧಂದೆ ಅಲ್ಲಂತ ಲಾರಿ ಯೂನಿಯನ್ನಿನವರೆಲ್ಲ ನಗಾಕತ್ತಾರ.”

“ನಗಲಿ. ಮಳಿಗಾಲದಾಗ ಕಲ್ಲಿದ್ದಲು ಹೇರ್ಕೊಂಡು ಅವರ ಲಾರಿ ಕೆಸರಾಗ ಹೂತ ಮ್ಯಾಲ ನನಗಽ ಫೋನ್ ಮಾಡ್ತಾರ.”

ಅಪ್ಪ ಡಬ್ಬಿಯನ್ನೊಮ್ಮೆ ನೋಡಿದ.

“ನನ್ನ ಲಾರಿ ಹೂತ್ರ?”

“ಅವರ ಜೋಡಿ ನೀನೂ ನಕ್ಕಿದ್ದಿ. ಬರ್ತೀನಿ, ಆದ್ರ ನಿನ್ನ ಪಾಳಿ ಬಂದಾಗ.”

ಆಟೊ ಬಂದು ನಿಂತಿತು. ಡಬ್ಬಿಗೆ ಅಪ್ಪ ಕೈ ಚಾಚಿದ; ಮಗಳು ಕೊಡಲಿಲ್ಲ, ತಾನೇ ಎತ್ತಿಕೊಂಡು ಹತ್ತಿದಳು.