ಎದುರುಮನೆಗೆ ಕಾಣುವ ಸಂಸಾರ

ಅಮೆರಿಕ ದೇಶದ ಒಂದು ಬಡಾವಣೆಯಲ್ಲಿ, ನಮ್ಮ ಅಜ್ಜಂದಿರ ಕಾಲದಲ್ಲಿ, ಒಬ್ಬ ಗೃಹಸ್ಥ ಇದ್ದ. ಒಳ್ಳೆ ಕೆಲಸ, ಉದ್ದನೆಯ ಕಾರು, ಲಕ್ಷಣವಾದ ಹೆಂಡತಿ. ಆ ಬಡಾವಣೆ ಹೇಗಿತ್ತು ಗೊತ್ತೇ? ಮನೆಗಳೆಲ್ಲ ಒಂದೇ ಥರ, ಅಂಗಳದ ಹುಲ್ಲೂ ಒಂದೇ ಎತ್ತರ. ಪ್ರತಿ ಮನೆಯ ಮುಂದೂ ಗೋಡೆಯಷ್ಟು ದೊಡ್ಡ ಗಾಜಿನ ಕಿಟಕಿ. ಸಂಜೆ ದೀಪ ಹಾಕಿ ಪರದೆ ತೆರೆದಿಡೋದು ಅಲ್ಲಿಯ ಪದ್ಧತಿ. ಯಾಕೆ? ನಮ್ಮ ಸಂಸಾರ ಎಷ್ಟು ಸುಖವಾಗಿದೆ ಅಂತ ಬೀದಿ ನೋಡಲಿ!

ಈ ಮಹಾರಾಯ ದಿನಾ ಸಂಜೆ ಬಾಗಿಲಲ್ಲೇ ಹೆಂಡತಿಗೆ ಒಂದು ಮುತ್ತು ಕೊಡ್ತಿದ್ದ. ನಗಬೇಡಿ, ಅವರ ಕಡೆ ಹಾಗೇ. ಹೊಸಿಲು ದಾಟಿದ ಮೇಲೆ? ಒಂದು ಮಾತಿಲ್ಲ. ಪೇಪರ್ ಬಿಡಿಸಿದ, ಮುಖ ಮುಚ್ಚಿದ. ಒಂದು ದಿನ ಅಲ್ಲ, ಎರಡು ದಿನ ಅಲ್ಲ, ಹನ್ನೆರಡು ವರ್ಷ! ಬೀದಿಯವರು ಮಾತ್ರ ತಮ್ಮ ಮಕ್ಕಳಿಗೆ ಹೇಳೋರು, 'ಗಂಡ ಹೆಂಡತಿ ಅಂದ್ರೆ ಅವರ ಹಾಗಿರಬೇಕು.' ಕರ್ಮ!

ಆ ತಾಯಿ ಒಂದು ದಿನ ಪೆಟ್ಟಿಗೆಗೆ ಬಟ್ಟೆ ತುಂಬಿದಳು. ಆದರೂ ಆಸೆ ನೋಡಿ. 'ಇವತ್ತು ಒಂದೇ ಒಂದು ಸಲ, ಏನಾಯ್ತೇ ನಿನಗೆ ಅಂತ ಕೇಳಲಿ, ಇದ್ದುಬಿಡ್ತೀನಿ' ಅಂದುಕೊಂಡಳು. ಸಂಜೆ ಆ ಕಿಟಕಿಯ ಮುಂದೆ ಕೂತಳು. ಕೂತವಳಿಗೆ ದುಃಖ ತಡೆಯಲಾಗಲಿಲ್ಲ, ಅತ್ತುಬಿಟ್ಟಳು. ಗಂಡ ಪೇಪರ್ ಕೆಳಗಿಟ್ಟ. ಎದ್ದ. ಅವಳು ಅಂದುಕೊಂಡಳು, 'ಬಂದರು, ಕೊನೆಗೂ ನನ್ನ ಹತ್ತಿರ ಬಂದರು!'

ಅವನು ಅವಳನ್ನು ದಾಟಿ ಹೋಗಿ ಪರದೆ ಎಳೆದ.

"ಎದುರುಮನೆಯವರು ಊಟಕ್ಕೆ ಕೂತಿದ್ದಾರೆ, ಅವರಿಗೆ ಕಾಣುತ್ತೆ" ಅಂದ.

"ನಾನು ಯಾಕೆ ಅತ್ತೆ ಅಂತ ಕೇಳಲ್ವಾ?"

"ತಲೆನೋವಿನ ಮಾತ್ರೆ ಕಪಾಟಲ್ಲಿದೆ ನೋಡು." ಮತ್ತೆ ಪೇಪರ್!

ಅವಳು ಕಣ್ಣೊರೆಸಿಕೊಂಡಳು. ಪೆಟ್ಟಿಗೆ ತಗೊಂಡಳು, ಬಾಗಿಲು ತೆಗೆದಳು. ಆಗ ಓಡಿ ಬಂದ ನೋಡಿ ಪುಣ್ಯಾತ್ಮ! ಕೈ ಹಿಡಿದ. ಅವಳು ನಿಂತಳು. ಹೋಗಬೇಡ ಅಂತಾನೆ ಅಂತ ನಿಂತಳು, ಪಾಪ. ಅವನು ಅಂದ, "ಹಿತ್ತಲ ಬಾಗಿಲಿಂದ ಹೋಗು. ಜನ ನೋಡ್ತಾರೆ."

ಅವಳು ಕೈ ಕೊಡವಿಕೊಂಡು ಮುಂಬಾಗಿಲಿಂದಲೇ ಹೋದಳು. ಆ ಮನುಷ್ಯ ಏನು ಮಾಡಿದ? ಮರುದಿನ ಹುಲ್ಲು ಕತ್ತರಿಸ್ತಾ, 'ತವರಿಗೆ ಹೋಗಿದ್ದಾಳೆ' ಅಂತ ಬೀದಿಗೆಲ್ಲ ಹೇಳಿದ. ಅವನ ಚಿಂತೆ ಅಷ್ಟೇ!

ನಗ್ತಿದ್ದೀರಿ. ಎಂಥ ದಡ್ಡ ಅಂತಿದ್ದೀರಿ. ನಿಮ್ಮ ಮನೆಗೆ ಅಷ್ಟು ದೊಡ್ಡ ಗಾಜಿಲ್ಲ, ಒಪ್ಪಿದೆ. ಕೈಯಲ್ಲಿ ಮೊಬೈಲ್ ಇದೆಯಲ್ಲ? ಮಾತು ಬಿಟ್ಟು ಎಂಟು ದಿನ ಆಗಿರುತ್ತೆ, ವಿವಾಹ ವಾರ್ಷಿಕೋತ್ಸವದ ದಿನ ಹೆಗಲ ಮೇಲೆ ಕೈ ಹಾಕಿ ಫೋಟೋ! ಅದನ್ನು ಎಲ್ಲರಿಗೂ ಕಳಿಸೋದು, ಅದಕ್ಕೆ ನೂರು ಜನ ಕೈ ಮುಗಿಯೋದು! ಫೋಟೋ ಆಯ್ತಾ, ಕೈ ತೆಗಿ. ಮನೆಗೆ ನೆಂಟರು ಬಂದರೆ 'ನಮ್ಮವಳ ಕೈ ಅಡುಗೆ' ಅಂತ ಹೊಗಳ್ತೀರಿ, ಅವರು ಹೋದ ಮೇಲೆ 'ಉಪ್ಪು ಜಾಸ್ತಿ.' ಅವಳು ಅತ್ತರೆ ಏನಂತೀರಿ? 'ಮೆಲ್ಲಗೆ, ನಾಲ್ಕು ಜನ ಏನಂದುಕೊಂಡಾರು.' ಯಾರ್ರೀ ಆ ನಾಲ್ಕು ಜನ? ನಿಮಗೆ ಜ್ವರ ಬಂದಾಗ ಗಂಜಿ ಕಾಸಿದ್ದು ಅವರಾ?

ನಾಳೆ ಬೆಳಗ್ಗೆ ಅವಳು ಕಾಫಿ ತಂದಾಗ ಮೊಬೈಲ್ ಕೆಳಗಿಡಿ. ಅವಳನ್ನು ಕೂರಿಸಿ. 'ಏನಾಗಿದೆ ನಿನಗೆ, ಹೇಳು' ಅನ್ನಿ. ಆಮೇಲೆ ಬಾಯಿ ಮುಚ್ಚಿ. ಅವಳು ಹೇಳೋದು ನಿಮಗೆ ಹಿಡಿಸಲ್ಲ, ನಾನೇ ಹೇಳ್ತೀನಿ. ಆದರೂ ಕೊನೆಯವರೆಗೆ ಕೇಳಿ. ತಾಯಂದಿರೇ, ನೀವೂ ಅಷ್ಟೇ, 'ಏನಿಲ್ಲ ಬಿಡಿ' ಅಂತ ನುಂಗಬೇಡಿ. ದಿನಾ ಹೀಗೆ ಒಂದು ಲೋಟ ಕಾಫಿ ಆರುವಷ್ಟು ಹೊತ್ತು. ಅಷ್ಟೂ ಆಗಲ್ಲ ಅನ್ನೋರು ನಾಳೆಯಿಂದ ಈ ಪ್ರವಚನಕ್ಕೆ ಜೋಡಿಯಾಗಿ ಬಂದು ಮುಂದಿನ ಸಾಲಲ್ಲಿ ಕೂರಬೇಡಿ. ನನಗೆ ನೋಡೋಕೆ ಹೇಸಿಗೆಯಾಗುತ್ತೆ.