ಬೊಲಿವಿಯಾದ ಸಮುದ್ರ

ಗೋವಾದ ಕೊರ್ತಾಲಿಮ್ ಬಸ್ ನಿಲ್ದಾಣದಲ್ಲಿ ಶಾಲೆಯ ಹುಡುಗಿಯೊಬ್ಬಳು, ಬೀಚಿನಲ್ಲಿ ಮಾರುವ ಮಣಿಸರಗಳ ಗಂಟು ಹಿಡಿದಿದ್ದ ತನ್ನ ಅಜ್ಜಿಗೆ ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದ ಪಾಠ ಒಪ್ಪಿಸುತ್ತಿದ್ದಳು. ನಾನು ಪಕ್ಕದಲ್ಲೇ ಕೂತಿದ್ದೆ.

“ಅಲ್ಲಿ ಲಾಮಾ ಅಂತ ಪ್ರಾಣಿ ಐತಿ, ಅಜ್ಜಿ. ಒಂಟೆ ಜಾತಿದು. ಮೈತುಂಬ ಕುರಿಗತೆ ತುಪ್ಪಳ.”

“ಸಮುದ್ರ ಐತೇನು?”

“ಇತ್ತು. ಯುದ್ಧದಾಗ ಪಕ್ಕದ ದೇಶದವರು ತಗೊಂಡ್ರು. ಆದ್ರೂ ಪ್ರತಿ ವರ್ಷ ಸಮುದ್ರದ ದಿನ ಮಾಡ್ತಾರ. ಸಾಲಿ ಹುಡುಗ್ರು ಮೆರವಣಿಗಿ ಹೋಗ್ತಾರ.”

“ಯಾವಾಗಿನ ಮಾತು?”

“ನೂರು ವರ್ಷದ ಮ್ಯಾಲಾತು.”

“ಹಂಗಾರ ಆ ಹುಡುಗ್ರು ಅದನ್ನ ನೋಡೇ ಇಲ್ಲ.”

“ನೋಡಿಲ್ಲ. ಅದು ನಮ್ದು ಅಂತ ದೊಡ್ಡವರು ಹೇಳಿಕೊಡ್ತಾರ.”

ಅಜ್ಜಿ ಗಂಟನ್ನು ಕೆಳಗಿಟ್ಟು ಮೊಮ್ಮಗಳ ಕಡೆ ತಿರುಗಿದರು.

“ಪೂಜಾ, ನಮ್ಮೂರ ಹೆಸರೇನು?”

“ಕೊರ್ತಾಲಿಮ್.”

“ಇದಲ್ಲವ್ವಾ. ಡ್ಯಾಮಿನ ನೀರಾಗ ಮುಳುಗಿತಲ್ಲ, ಅದು.”

“ಅದರ ಹೆಸರು ನೀ ಹೇಳೇ ಇಲ್ಲ.”

“ನೀರಾಗ ಹೋದದ್ದು ನಿನಗ್ಯಾಕ ಅಂತ ಬಿಟ್ಟಿದ್ದೆ.”

ಪಣಜಿ ಬಸ್ಸು ಬಂತು. ಮೆಟ್ಟಿಲು ಹತ್ತುತ್ತಲೇ ಅಜ್ಜಿ ಬಾಗಿ ಮೊಮ್ಮಗಳ ಕಿವಿಯಲ್ಲಿ ಏನೋ ಹೇಳಿದರು. ಬಸ್ಸು ಹೊರಟಾಗ ಕಿಟಕಿಯಲ್ಲಿ ಹುಡುಗಿಯ ತುಟಿಗಳು ಒಂದೇ ಹೆಸರನ್ನು ಮತ್ತೆ ಮತ್ತೆ ಒಪ್ಪಿಸುತ್ತಿದ್ದವು.